ಕುರ್ಚಿ ನೋಡಿ ನಂಬಿಕೆ: ರಾಜಕೀಯ ಧ್ರುವೀಕರಣ ಮತ್ತು ಸರ್ಕಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಬಗ್ಗೆ ಯಾರ ಹತ್ತಿರ ಮಾತು ಶುರು ಮಾಡಿದರೂ ಎರಡನೇ ನಿಮಿಷಕ್ಕೆ ಬರುವ ಪ್ರಶ್ನೆ ಒಂದೇ: "ಅದಿರಲಿ, ನೀವು ಯಾವ ಕಡೆ?" ಅದಕ್ಕೆ ಕೊನೆಯಲ್ಲಿ ಉತ್ತರ ಕೊಡುತ್ತೇನೆ. ಮೊದಲೇ ಹೇಳಿಬಿಟ್ಟರೆ ಅರ್ಧ ಜನ ಇಲ್ಲೇ ಓದು ನಿಲ್ಲಿಸುತ್ತಾರೆ, ಇನ್ನರ್ಧ ಜನ ಓದದೆಯೇ ತಲೆಯಾಡಿಸುತ್ತಾರೆ. ನಾನು ಹೇಳಬೇಕು ಅಂದುಕೊಂಡಿರೋ ಕಾಯಿಲೆಯೇ ಅದು.

ಧ್ರುವೀಕರಣ ಅಂದರೆ ಭಿನ್ನಾಭಿಪ್ರಾಯ ತಾನೇ? ಪ್ರಜಾಪ್ರಭುತ್ವದಲ್ಲಿ ಅದು ಇರಲೇಬೇಕಲ್ವಾ?

ಭಿನ್ನಾಭಿಪ್ರಾಯ ಇರಲೇಬೇಕು. ಎರಡು ಪಕ್ಷಗಳು ಒಂದೇ ಮಾತು ಹೇಳುತ್ತಿದ್ದರೆ ಮತ ಹಾಕೋಕೆ ಹೋಗಿ ಏನು ಪ್ರಯೋಜನ? ತಮಾಷೆ ಏನೆಂದರೆ, 1950ರಲ್ಲಿ ಅಮೆರಿಕದ ರಾಜಕೀಯ ವಿಜ್ಞಾನಿಗಳ ಸಂಘವೇ ಒಂದು ವರದಿ ಕೊಟ್ಟು, ನಮ್ಮ ಎರಡು ಪಕ್ಷಗಳಿಗೂ ಸ್ಪಷ್ಟ ನಿಲುವೇ ಇಲ್ಲ, ಜನರಿಗೆ ಸರಿಯಾದ ಆಯ್ಕೆ ಸಿಗುತ್ತಿಲ್ಲ, ಪಕ್ಷಗಳು ಇನ್ನಷ್ಟು ಬೇರೆ ಬೇರೆಯಾಗಬೇಕು ಅಂತ ಗೋಳಾಡಿತ್ತು. ಕೇಳಿದ್ದು ಸಿಕ್ಕಿತು, ಸ್ವಲ್ಪ ಜಾಸ್ತಿಯೇ ಸಿಕ್ಕಿತು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ತೆರಿಗೆ ಎಷ್ಟಿರಬೇಕು, ಆಸ್ಪತ್ರೆ ಯಾರು ನಡೆಸಬೇಕು ಅನ್ನುವಂಥ ವಿಷಯಗಳಲ್ಲಿ ಅಭಿಪ್ರಾಯ ದೂರವಾಗೋದು. ಇನ್ನೊಂದು, ಆ ಅಭಿಪ್ರಾಯ ಇಟ್ಟುಕೊಂಡ ಮನುಷ್ಯನನ್ನೇ ಕಂಡರೆ ಆಗದಿರೋದು. ಮೊದಲನೆಯದು ವಾದ, ಎರಡನೆಯದು ದ್ವೇಷ. ಅಮೆರಿಕದಲ್ಲಿ 1960ರ ಸುಮಾರಿಗೆ ಜನರನ್ನು ಒಂದು ಪ್ರಶ್ನೆ ಕೇಳಿದ್ದರು: ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವೇ? ಬೇಸರ ಅಂದವರು ನೂರಕ್ಕೆ ನಾಲ್ಕೈದು ಜನ. 2010ರಲ್ಲಿ ಅದೇ ಥರದ ಪ್ರಶ್ನೆ ಕೇಳಿದಾಗ ರಿಪಬ್ಲಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರರಲ್ಲಿ ಒಂದು ಭಾಗ ಜನ ಬೇಸರ ಅಂದರು. ತೆರಿಗೆ ಬಗ್ಗೆ ಅವರ ಅಭಿಪ್ರಾಯ ಅಷ್ಟೊಂದು ಬದಲಾಗಿರಲಿಲ್ಲ. ಬದಲಾಗಿದ್ದು ಎದುರಿನವರ ಬಗ್ಗೆ ಇದ್ದ ಭಾವನೆ. ಈ ಪುಟದಲ್ಲಿ ನಾನು ಧ್ರುವೀಕರಣ ಅಂದಾಗಲೆಲ್ಲ ಈ ಎರಡನೇ ಥರದ್ದು ಅಂತಲೇ ಓದಿಕೊಳ್ಳಿ.

ಸರ್ಕಾರದ ಮೇಲೆ ನಂಬಿಕೆ ಅನ್ನುತ್ತೀರಲ್ಲ, ಯಾವ ಸರ್ಕಾರ? ಮಂತ್ರಿನಾ, ಕಚೇರಿನಾ?

ಒಳ್ಳೆ ಪ್ರಶ್ನೆ. ಕನ್ನಡದಲ್ಲಿ ನಮಗೆ ಮಂತ್ರಿಯೂ ಸರ್ಕಾರವೇ, ಕಡತ ಹಿಡಿದು ಕೂತ ಗುಮಾಸ್ತನೂ ಸರ್ಕಾರವೇ, ಕೋರ್ಟೂ ಒಂಥರಾ ಸರ್ಕಾರವೇ. ಅದಕ್ಕೇ ಈ ಚರ್ಚೆ ಬೇಗ ಗೋಜಲಾಗುತ್ತದೆ.

ನನ್ನ ಲೆಕ್ಕದಲ್ಲಿ ಮೂರು ಪದರ. ಮೇಲೆ, ಈಗ ಅಧಿಕಾರದಲ್ಲಿರುವ ಜನ. ಅದರ ಕೆಳಗೆ, ಯಾರು ಗೆದ್ದರೂ ನಡೆಯಬೇಕಾದ ಸಂಸ್ಥೆಗಳು, ಅಂದರೆ ಕೋರ್ಟು, ಪೊಲೀಸು, ಚುನಾವಣೆ ನಡೆಸುವವರು, ಲೆಕ್ಕ ತಪಾಸಣೆ ಮಾಡುವವರು. ಎಲ್ಲಕ್ಕಿಂತ ಕೆಳಗೆ, ಈ ವ್ಯವಸ್ಥೆಯೇ ಬೇಕು ಅನ್ನುವ ಒಪ್ಪಿಗೆ. ಮೇಲಿನ ಪದರದ ಮೇಲೆ ಅನುಮಾನ ಇರೋದು ಆರೋಗ್ಯ. ಅದು ಸೋರಿ ಸೋರಿ ಕೆಳಗಿನ ಪದರಕ್ಕೆ ಇಳಿದಾಗ ಮನೆಯ ತಳಪಾಯವೇ ತೇವವಾಗುತ್ತದೆ.

ಜನ ಈ ವ್ಯತ್ಯಾಸವನ್ನು ಚೆನ್ನಾಗಿಯೇ ಮಾಡುತ್ತಾರೆ ಅನ್ನೋದು ಸಮಾಧಾನದ ಸಂಗತಿ. 2023ರಲ್ಲಿ ಒಇಸಿಡಿ, ಅಂದರೆ ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟ, 30 ದೇಶಗಳಲ್ಲಿ ಸಮೀಕ್ಷೆ ಮಾಡಿತು. ಪೊಲೀಸರ ಮೇಲೆ ನಂಬಿಕೆ ಇದೆ ಅಂದವರು ಶೇ 63, ಕೋರ್ಟಿನ ಮೇಲೆ ಶೇ 54, ಸಂಸತ್ತಿನ ಮೇಲೆ ಶೇ 37, ರಾಜಕೀಯ ಪಕ್ಷಗಳ ಮೇಲೆ ಬರೀ ಶೇ 24. ಸರ್ಕಾರದ ಮೇಲೆ ಶೇ 39. ಅಂದರೆ ಜಗಳದ ವಾಸನೆ ಎಲ್ಲಿ ಜಾಸ್ತಿಯೋ ಅಲ್ಲಿ ನಂಬಿಕೆ ಕಮ್ಮಿ.

ನಂಬಿಕೆ ಕುಸಿದಿದೆ ಅಂತ ಎಲ್ಲರೂ ಹೇಳುತ್ತಾರೆ. ಅಳೆದು ನೋಡಿದವರು ಯಾರಾದರೂ ಇದ್ದಾರಾ?

ಇದ್ದಾರೆ. ಅತಿ ಉದ್ದದ ಲೆಕ್ಕ ಸಿಗೋದು ಅಮೆರಿಕದಲ್ಲೇ, ಅದಕ್ಕೇ ನಾನು ಪದೇ ಪದೇ ಅಲ್ಲಿಗೆ ಹೋಗುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. 1958ರಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ: ವಾಷಿಂಗ್ಟನ್ನಿನ ಸರ್ಕಾರ ಯಾವಾಗಲೂ ಅಥವಾ ಬಹುಪಾಲು ಸಲ ಸರಿಯಾದ್ದನ್ನೇ ಮಾಡುತ್ತದೆ ಅಂತ ನಂಬುತ್ತೀರಾ? 1958ರಲ್ಲಿ ಹೌದು ಅಂದವರು ಶೇ 73. 1964ರಲ್ಲಿ ಶೇ 77. ಹತ್ತೇ ವರ್ಷ ಬಿಟ್ಟು 1974ರಲ್ಲಿ ಶೇ 36. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸ್ವಲ್ಪ ದಿನ ಅರ್ಧಕ್ಕಿಂತ ಮೇಲೆ ಹೋಗಿ ಬಂತು. 2023ರಲ್ಲಿ ಶೇ 16.

ಎಲ್ಲ ದೇಶದಲ್ಲೂ ಹೀಗೇ ಆಗಿಲ್ಲ. ಡೆನ್ಮಾರ್ಕ್, ನಾರ್ವೆ, ಸ್ವಿಟ್ಜರ್ಲೆಂಡಿನಂಥ ದೇಶಗಳಲ್ಲಿ ನಂಬಿಕೆ ಇವತ್ತಿಗೂ ಮೇಲೇ ಇದೆ. "ಕಾಲವೇ ಕೆಟ್ಟುಹೋಗಿದೆ" ಅನ್ನುವ ವಾದ ಅಲ್ಲಿಗೆ ಮುಗಿಯಿತು. ಕಾಲ ಎಲ್ಲರಿಗೂ ಒಂದೇ ಅಲ್ವಾ?

ಯಾವುದು ಮೊದಲು? ಜಗಳದಿಂದ ನಂಬಿಕೆ ಹೋಯಿತಾ, ನಂಬಿಕೆ ಹೋದದ್ದಕ್ಕೆ ಜಗಳ ಬಂತಾ?

ಮೇಲಿನ ಇಸವಿಗಳನ್ನು ಇನ್ನೊಮ್ಮೆ ನೋಡಿ. 1964ರಿಂದ 1974. ಆಗ ಅಮೆರಿಕದಲ್ಲಿ ಪಕ್ಷಗಳ ನಡುವೆ ಈಗಿನಷ್ಟು ದ್ವೇಷ ಇರಲಿಲ್ಲ. ಎದುರು ಪಕ್ಷದವರ ಮಸೂದೆಗೆ ಕೈ ಎತ್ತುವವರು ಬೇಕಾದಷ್ಟು ಜನ ಇದ್ದರು. ಹಾಗಿದ್ದರೂ ನಂಬಿಕೆ ಅರ್ಧಕ್ಕೆ ಇಳಿಯಿತು. ಯಾಕೆ? ಸರ್ಕಾರ ಸುಳ್ಳು ಹೇಳಿತ್ತು, ಅದಕ್ಕೆ. ವಿಯೆಟ್ನಾಂ ಯುದ್ಧದ ಬಗ್ಗೆ ಒಳಗೊಂದು ಗೊತ್ತಿದ್ದು ಹೊರಗೊಂದು ಹೇಳಿದ್ದು 1971ರಲ್ಲಿ ಪೆಂಟಗನ್ ಪೇಪರ್ಸ್ ಎಂಬ ದಾಖಲೆಗಳಿಂದ ಬಯಲಾಯಿತು. ಅದರ ಬೆನ್ನಿಗೇ, ಎದುರು ಪಕ್ಷದ ಕಚೇರಿಗೆ ಕದ್ದು ನುಗ್ಗಿದ್ದನ್ನು ಮುಚ್ಚಿಹಾಕಲು ನೋಡಿದ ವಾಟರ್‌ಗೇಟ್ ಹಗರಣ, 1974ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಜನ ನಂಬಿಕೆ ಕಳೆದುಕೊಳ್ಳೋದು ತಪ್ಪಲ್ಲ, ಬುದ್ಧಿವಂತಿಕೆ.

ಹಾಗಾಗಿ "ಜನ ಕಚ್ಚಾಡೋದು ಬಿಟ್ಟರೆ ಸರ್ಕಾರದ ಮೇಲೆ ನಂಬಿಕೆ ತಾನಾಗೇ ಬರುತ್ತೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲ ಏಟು ಕೊಟ್ಟಿದ್ದು ಅಧಿಕಾರದಲ್ಲಿದ್ದವರೇ. ಧ್ರುವೀಕರಣ ಮಾಡಿದ್ದು ಬೇರೆ ಕೆಲಸ. ಅದು ಗಾಯ ಮಾಯಲು ಬಿಡುವುದಿಲ್ಲ. ಮೊದಲೆಲ್ಲ ಆರ್ಥಿಕತೆ ಸುಧಾರಿಸಿದರೆ, ಹಗರಣ ಮಾಡಿದವರು ಹೊರಗೆ ಹೋದರೆ, ನಂಬಿಕೆ ಸ್ವಲ್ಪವಾದರೂ ಚಿಗುರುತ್ತಿತ್ತು. ಈಗ ಸರ್ಕಾರ ಎಷ್ಟೇ ಒಳ್ಳೆ ಕೆಲಸ ಮಾಡಲಿ, ಅರ್ಧ ಜನರಿಗೆ ಅದು ಕಾಣುವುದೇ ಇಲ್ಲ. ಎಷ್ಟೇ ಕೆಟ್ಟದ್ದು ಮಾಡಲಿ, ಇನ್ನರ್ಧ ಜನರಿಗೆ ಅದೂ ಕಾಣುವುದಿಲ್ಲ.

ಕಾಣುವುದೇ ಇಲ್ಲ ಅಂದರೆ? ಕಣ್ಣೆದುರು ಇರೋದು ಹೇಗೆ ಕಾಣದೆ ಇರುತ್ತೆ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 2016ರ ನವೆಂಬರ್ 8ರಂದು ಅಮೆರಿಕದಲ್ಲಿ ಚುನಾವಣೆ ನಡೆದು ಡೊನಾಲ್ಡ್ ಟ್ರಂಪ್ ಗೆದ್ದರು. ಗ್ಯಾಲಪ್ ಸಂಸ್ಥೆ ಆಗ ಒಂದೇ ಸಮನೆ ಜನರನ್ನು ಕೇಳುತ್ತಿತ್ತು: ದೇಶದ ಆರ್ಥಿಕತೆ ಸುಧಾರಿಸುತ್ತಿದೆಯಾ, ಹಾಳಾಗುತ್ತಿದೆಯಾ? ಚುನಾವಣೆಗೆ ಮುಂಚಿನ ವಾರ ರಿಪಬ್ಲಿಕನ್ನರಲ್ಲಿ ಸುಧಾರಿಸುತ್ತಿದೆ ಅಂದವರು ಶೇ 16. ಫಲಿತಾಂಶ ಬಂದ ಮೇಲಿನ ವಾರ ಶೇ 49. ಡೆಮಾಕ್ರಟರಲ್ಲಿ ಅದೇ ಸಂಖ್ಯೆ ಶೇ 61ರಿಂದ ಶೇ 46ಕ್ಕೆ ಇಳಿಯಿತು.

ಆ ಒಂದು ವಾರದಲ್ಲಿ ಏನಾಗಿತ್ತು? ಏನೂ ಆಗಿರಲಿಲ್ಲ. ಟ್ರಂಪ್ ಅಧಿಕಾರ ವಹಿಸಿಕೊಂಡಿದ್ದು 2017ರ ಜನವರಿ 20ಕ್ಕೆ. ಅಲ್ಲಿಯವರೆಗೆ ಹಳೇ ಅಧ್ಯಕ್ಷ, ಹಳೇ ಬಜೆಟ್, ಹಳೇ ಸಂಬಳ, ಹಳೇ ಸಾಲ. ಕುರ್ಚಿ ಬದಲಾಗುತ್ತದೆ ಅನ್ನುವ ಸುದ್ದಿ ಬಂದಿತ್ತು, ಅಷ್ಟೇ. ಅಷ್ಟಕ್ಕೇ ಲಕ್ಷಾಂತರ ಜನರಿಗೆ ತಮ್ಮದೇ ದೇಶದ ಆರ್ಥಿಕತೆ ಬೇರೆ ಥರ ಕಾಣಿಸಿತು.

ಸರ್ಕಾರದ ಮೇಲಿನ ನಂಬಿಕೆಯೂ ಹೀಗೇ. ನಮ್ಮವರು ಬಂದರೆ ಏರುತ್ತದೆ, ಅವರು ಬಂದರೆ ಇಳಿಯುತ್ತದೆ. ಗೆದ್ದವರ ನಂಬಿಕೆ ಸೋತವರ ನಂಬಿಕೆಗಿಂತ ಹೆಚ್ಚಿರುವುದು ಹೊಸದಲ್ಲ, ಎಲ್ಲ ಪ್ರಜಾಪ್ರಭುತ್ವಗಳಲ್ಲೂ ಇದೆ. ಆದರೆ ಆ ಅಂತರ ಎಷ್ಟು ದೊಡ್ಡದು ಅನ್ನೋದು ಮುಖ್ಯ. ಚಿಕ್ಕದಿದ್ದರೆ ಸೋತವರು "ಆಯ್ತು, ಮುಂದಿನ ಸಲ ನೋಡೋಣ" ಅನ್ನುತ್ತಾರೆ. ತೀರಾ ದೊಡ್ಡದಾದರೆ "ಇದು ನಮ್ಮ ಸರ್ಕಾರವೇ ಅಲ್ಲ" ಅನ್ನುತ್ತಾರೆ.

ನನಗೆ ನಿಜವಾಗಿ ತಲೆ ಕೆಡಿಸೋದು ಇದು. ಅಪನಂಬಿಕೆ ಇರಲಿ, ಪರವಾಗಿಲ್ಲ. ನಂಬಿಕೆಗೂ ಅಪನಂಬಿಕೆಗೂ ಎರಡಕ್ಕೂ ಸರ್ಕಾರ ಮಾಡುವ ಕೆಲಸದ ಜೊತೆ ಸಂಬಂಧವೇ ಇಲ್ಲದಂತಾಗಿರೋದು ಅಪಾಯ. ಒಬ್ಬ ಮಂತ್ರಿಯ ಜಾಗದಲ್ಲಿ ನಿಂತು ಯೋಚಿಸಿ. ಚೆನ್ನಾಗಿ ಕೆಲಸ ಮಾಡಿದರೂ ಬೈಯುವವರು ಬೈಯುತ್ತಾರೆ, ಕದ್ದರೂ ಹೊಗಳುವವರು ಹೊಗಳುತ್ತಾರೆ ಅಂತಾದರೆ, ಕಷ್ಟಪಟ್ಟು ಕೆಲಸ ಯಾಕೆ ಮಾಡಬೇಕು?

ಆದರೆ ನಾನು ವಿಷಯ ನೋಡಿಯೇ ನಿರ್ಧಾರ ಮಾಡುತ್ತೇನೆ. ಕುರುಡಾಗಿ ನಂಬುವವರು ಆ ಕಡೆಯವರು.

ಆ ಕಡೆಯವರೂ ಇದನ್ನೇ ಬರೆದು ಕಳಿಸಿದ್ದಾರೆ.

ಜೆಫ್ರಿ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ವಿದ್ಯಾರ್ಥಿಗಳಿಗೆ ಬಡವರ ನೆರವಿನ ಯೋಜನೆಯ ವಿವರ ಕೊಟ್ಟರು. ಕೆಲವರಿಗೆ ಕೈ ಬಿಚ್ಚಿ ಕೊಡುವ ಯೋಜನೆ, ಕೆಲವರಿಗೆ ತುಂಬಾ ಜಿಪುಣ ಯೋಜನೆ. ಯಾವ ಪಕ್ಷ ಇದನ್ನು ಬೆಂಬಲಿಸಿದೆ ಅನ್ನುವ ಸಾಲನ್ನು ಮಾತ್ರ ಅದಲುಬದಲು ಮಾಡುತ್ತಿದ್ದರು. ನಮ್ಮ ಪಕ್ಷ ಬೆಂಬಲಿಸಿದೆ ಅಂತ ಓದಿದವರು ಯೋಜನೆಯಲ್ಲಿ ಏನೇ ಇದ್ದರೂ ಒಪ್ಪಿದರು. ಸಾಮಾನ್ಯವಾಗಿ ಧಾರಾಳ ನೆರವು ಬೇಕು ಅನ್ನುವ ಉದಾರವಾದಿಗಳು ಜಿಪುಣ ಯೋಜನೆಗೆ ಸೈ ಅಂದರು, ಸಂಪ್ರದಾಯವಾದಿಗಳು ಧಾರಾಳ ಯೋಜನೆಗೆ ಸೈ ಅಂದರು. ಯಾಕೆ ಒಪ್ಪಿದಿರಿ ಅಂತ ಕೇಳಿದರೆ, "ವಿವರ ಓದಿ ಒಪ್ಪಿದೆ, ಪಕ್ಷ ನೋಡಿ ಅಲ್ಲ" ಅಂದರು. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಇನ್ನೂ ಹಿಂದಕ್ಕೆ ಹೋದರೆ, ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞರು 1970ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಶಾಲಾ ಹುಡುಗರನ್ನು ಯಾವ ಚಿತ್ರಕಾರನ ಚಿತ್ರ ಇಷ್ಟ ಅನ್ನುವ ನೆಪದಲ್ಲಿ ಎರಡು ಗುಂಪು ಮಾಡಿದರು. ಗುಂಪಿನಲ್ಲಿ ಯಾರ್ಯಾರಿದ್ದಾರೆ ಅನ್ನೋದೂ ಹುಡುಗರಿಗೆ ಗೊತ್ತಿರಲಿಲ್ಲ. ದುಡ್ಡು ಹಂಚೋಕೆ ಹೇಳಿದಾಗ ತಮ್ಮ ಗುಂಪಿಗೇ ಜಾಸ್ತಿ ಕೊಟ್ಟರು. ಅಷ್ಟೇ ಅಲ್ಲ, ತಮ್ಮ ಗುಂಪಿಗೆ ಸ್ವಲ್ಪ ಕಡಿಮೆ ಬಂದರೂ ಪರವಾಗಿಲ್ಲ, ಎದುರು ಗುಂಪಿಗಿಂತ ಜಾಸ್ತಿ ಇರಬೇಕು ಅನ್ನುವ ಹಾಗೆ ಹಂಚಿದರು. ಚಿತ್ರದ ಹೆಸರಲ್ಲೇ ಇಷ್ಟಾದರೆ ಬಾವುಟ, ಬಣ್ಣ, ಹಾಡು, ನಾಯಕ ಎಲ್ಲ ಇರುವ ಪಕ್ಷದ ಹೆಸರಲ್ಲಿ ಎಷ್ಟಾಗಬೇಡ?

ಸರಿ, ಆದರೂ ಆ ಕಡೆಯವರು ನಿಜವಾಗಿಯೂ ಅಷ್ಟು ವಿಚಿತ್ರ ಜನ ಅಲ್ವಾ?

ನೀವಂದುಕೊಂಡಷ್ಟು ಅಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಡಗ್ಲಸ್ ಆಹ್ಲರ್ ಮತ್ತು ಗೌರವ್ ಸೂದ್ ಎಂಬ ಸಂಶೋಧಕರು ಅಮೆರಿಕನ್ನರನ್ನು ಕೇಳಿದರು: ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಜಾಸ್ತಿ ದುಡಿಯುವವರು ನೂರಕ್ಕೆ ಎಷ್ಟು? ಜನ ಸರಾಸರಿ 38 ಅಂದರು. ನಿಜ ಸಂಖ್ಯೆ 2. ಡೆಮಾಕ್ರಟರಲ್ಲಿ ಸಲಿಂಗಿಗಳು, ದ್ವಿಲಿಂಗಿಗಳು ನೂರಕ್ಕೆ ಎಷ್ಟು? 32 ಅಂದರು. ನಿಜ ಸಂಖ್ಯೆ ಸುಮಾರು 6. ರಾಜಕೀಯ ಸುದ್ದಿ ಜಾಸ್ತಿ ನೋಡುವವರು ಸರಿಯಾಗಿ ಹೇಳಿರಬೇಕು ಅಂದುಕೊಂಡಿರಾ? ಅವರ ತಪ್ಪೇ ಇನ್ನೂ ದೊಡ್ಡದಿತ್ತು. ದಿನವಿಡೀ ಟಿವಿ ಮುಂದೆ ಕೂತು ಚರ್ಚೆ ನೋಡುವ ನಮ್ಮ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. "ಹಾಗಾದರೆ ಆ ಸಂಶೋಧಕರು ಯಾವ ಪಕ್ಷದವರು?" ಅಂತ ಕೇಳಿದರು.

ಇದೆಲ್ಲ ಮೊಬೈಲ್, ವಾಟ್ಸಾಪ್, ಫೇಸ್‌ಬುಕ್ಕಿನಿಂದ ಆಗಿದ್ದು. ಬಂದ್ ಮಾಡಿದರೆ ಮುಗೀತಲ್ವಾ?

ಈ ಪ್ರಶ್ನೆಗೆ ಹೌದು ಅಂದರೆ ಎಲ್ಲರಿಗೂ ಖುಷಿ. ಯಾಕಂದರೆ ತಪ್ಪು ನಮ್ಮದಲ್ಲ, ಯಂತ್ರದ್ದು ಅಂತಾಗುತ್ತದೆ. ಆದರೆ ಸಿಕ್ಕಿರುವ ಪುರಾವೆ ಅಷ್ಟು ಸರಳವಾಗಿಲ್ಲ.

ಅಮೆರಿಕದಲ್ಲಿ ಧ್ರುವೀಕರಣ ಅತಿ ಹೆಚ್ಚು ಬೆಳೆದದ್ದು ಇಂಟರ್ನೆಟ್ಟನ್ನು ಅತಿ ಕಡಿಮೆ ಬಳಸುವ ವಯಸ್ಸಾದವರಲ್ಲಿ ಅಂತ 2017ರ ಒಂದು ಅಧ್ಯಯನ ತೋರಿಸಿತು. ಅದೇ ಸಂಶೋಧಕರು ಆಮೇಲೆ 12 ಶ್ರೀಮಂತ ದೇಶಗಳನ್ನು ಹೋಲಿಸಿ ನೋಡಿದರು. ಎಲ್ಲ ಕಡೆ ಇಂಟರ್ನೆಟ್ ಬಂದಿತ್ತು. ಆದರೆ ಅಮೆರಿಕದಲ್ಲಿ ದ್ವೇಷ ಜೋರಾಗಿ ಏರಿದಾಗ ಜರ್ಮನಿಯಲ್ಲಿ ಇಳಿದಿತ್ತು. 2018ರಲ್ಲಿ ಕೆಲವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ವಿಷಯಗಳ ಬಗ್ಗೆ ಅವರ ನಿಲುವು ಸ್ವಲ್ಪ ಮೆದುವಾಯಿತು, ಮನಸ್ಸಿಗೂ ಸ್ವಲ್ಪ ಹಾಯೆನಿಸಿತು, ಆದರೆ ಸುದ್ದಿಯ ತಿಳುವಳಿಕೆಯೂ ಕಡಿಮೆಯಾಯಿತು. 2020ರ ಚುನಾವಣೆ ಹೊತ್ತಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಯಂತ್ರ ಆರಿಸಿ ಕೊಡುವ ಪೋಸ್ಟ್‌ಗಳ ಬದಲು ಸುಮ್ನೆ ಸಮಯದ ಕ್ರಮದಲ್ಲಿ ತೋರಿಸಿ ನೋಡಿದರು. ಮೂರು ತಿಂಗಳಾದರೂ ಜನರ ರಾಜಕೀಯ ಭಾವನೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

"ಎರಡೂ ಕಡೆಯದನ್ನು ಓದಿ" ಅನ್ನುವ ಉಪದೇಶವೂ ಕೆಲವೊಮ್ಮೆ ತಿರುಗುಬಾಣ. ಟ್ವಿಟರ್ ಬಳಸುವವರಿಗೆ ಒಂದು ತಿಂಗಳು ಎದುರು ಪಕ್ಷದ ಮಾತುಗಳೂ ಬರುವ ಹಾಗೆ ಮಾಡಿದ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ಬಂತು. ರಿಪಬ್ಲಿಕನ್ನರು ಮೆತ್ತಗಾಗುವ ಬದಲು ಇನ್ನಷ್ಟು ಬಿಗಿಯಾಗಿದ್ದರು. ಎದುರಿನವರ ಮಾತು ಕೇಳಿದರೆ ಸಾಲದು, ಯಾರ ಬಾಯಲ್ಲಿ, ಯಾವ ದನಿಯಲ್ಲಿ ಕೇಳುತ್ತೇವೆ ಅನ್ನೋದೂ ಮುಖ್ಯ.

ಹಾಗಂತ ವಾಟ್ಸಾಪ್ ನಿರಪರಾಧಿ ಅನ್ನುತ್ತಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಮೊದಲೂ ಇದ್ದರು. ಈಗ ಕಟ್ಟುವ ಮುಂಚೆ ಇನ್ನೂರು ಜನಕ್ಕೆ ಕಳಿಸುತ್ತಾರೆ. ಬೆಂಕಿಗೆ ಗಾಳಿ ಹಾಕುವ ಕೆಲಸ ಅದು ಮಾಡುತ್ತದೆ. ಕಡ್ಡಿ ಗೀರುವವರು ಬಹಳಷ್ಟು ಸಲ ವೇದಿಕೆ ಮೇಲೆ ಮೈಕು ಹಿಡಿದು ನಿಂತಿರುತ್ತಾರೆ.

ಚುನಾವಣೆಯ ಪದ್ಧತಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಒಂದೇ ಒಂದು ಮತ ಜಾಸ್ತಿ ಬಂದವರಿಗೆ ಪೂರ್ತಿ ಸೀಟು ಸಿಗುವ ಪದ್ಧತಿಯಲ್ಲಿ ಎರಡು ದೊಡ್ಡ ಗುಂಪುಗಳಾಗುವ ಒತ್ತಡ ಜಾಸ್ತಿ. ಮತದ ಪ್ರಮಾಣಕ್ಕೆ ತಕ್ಕ ಸೀಟು ಸಿಗುವ ಕಡೆ ಪಕ್ಷಗಳು ಜಾಸ್ತಿ, ಸಮ್ಮಿಶ್ರ ಸರ್ಕಾರ ಸಾಮಾನ್ಯ. ಇವತ್ತು ಬೈದವರ ಜೊತೆ ನಾಳೆ ಕೂತು ಸರ್ಕಾರ ಮಾಡಬೇಕಾಗುತ್ತದೆ, ಬಾಯಿ ತಾನಾಗೇ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಯುರೋಪಿನ 11 ದೇಶಗಳ ಬಗ್ಗೆ 1997ರಲ್ಲಿ ಬಂದ ಅಧ್ಯಯನ ಕೂಡ ಇದನ್ನೇ ಹೇಳಿತು: ಅಧಿಕಾರ ಹಂಚಿಕೊಳ್ಳುವ ದೇಶಗಳಲ್ಲಿ ಗೆದ್ದವರ ತೃಪ್ತಿಗೂ ಸೋತವರ ತೃಪ್ತಿಗೂ ನಡುವಿನ ಅಂತರ ಕಡಿಮೆ. ಅಲ್ಲೂ ಜಗಳ ಇಲ್ಲದೇನಿಲ್ಲ, ಸರ್ಕಾರ ರಚನೆಗೇ ತಿಂಗಳುಗಟ್ಟಲೆ ಎಳೆಯುವ ದೇಶಗಳೂ ಇವೆ.

ಎಲ್ಲರೂ ಸರ್ಕಾರವನ್ನು ನಂಬಿಬಿಟ್ಟರೆ ಒಳ್ಳೆಯದಲ್ವಾ?

ಖಂಡಿತ ಇಲ್ಲ. ನಂಬಿಕೆಯ ಸಮೀಕ್ಷೆಗಳಲ್ಲಿ ಮೇಲಿನ ಸ್ಥಾನಗಳಲ್ಲಿ ಚೀನಾ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಅಲ್ಲಿ ಸರ್ಕಾರವನ್ನು ಬೈದರೆ ಏನಾಗುತ್ತದೆ ಅಂತ ಗೊತ್ತಿರುವ ಮನುಷ್ಯ ಸಮೀಕ್ಷೆಯವರಿಗೆ ಏನು ಹೇಳಿಯಾನು? ಕೆಲವರು ನಿಜವಾಗಿಯೂ ನಂಬಿರಬಹುದು, ಕೆಲವರು ಹೆದರಿ ಹೇಳಿರಬಹುದು. ಎರಡನ್ನೂ ಬೇರೆ ಮಾಡೋದು ಕಷ್ಟ.

ಬ್ರಿಟನ್ನಿನ ತತ್ವಜ್ಞಾನಿ ಒನೋರಾ ಓನೀಲ್ 2002ರ ಉಪನ್ಯಾಸಗಳಿಂದ ಶುರುಮಾಡಿ ಹೇಳುತ್ತಾ ಬಂದಿರುವ ವಾದ ನನಗೆ ಹಿಡಿಸಿದ್ದು. ನಂಬಿಕೆ ಹೆಚ್ಚಿಸಬೇಕು ಅನ್ನೋದೇ ತಪ್ಪು ಗುರಿ, ನಂಬಿಕೆಗೆ ಅರ್ಹರಾದವರನ್ನು ನಂಬಬೇಕು, ಅರ್ಹರಲ್ಲದವರನ್ನು ನಂಬಬಾರದು. ಮೋಸಗಾರನ ಮೇಲೆ ಜನರಿಗೆ ನಂಬಿಕೆ ಹೆಚ್ಚಿತು ಅಂದರೆ ಯಾರಿಗೆ ಲಾಭ? ಅದಕ್ಕೇ ಸರ್ಕಾರಗಳು "ಜನರ ವಿಶ್ವಾಸ ಗಳಿಸುವ ಅಭಿಯಾನ" ಅಂತ ಜಾಹೀರಾತು ಹಾಕಿದಾಗ ನನಗೆ ಮೈ ಉರಿಯುತ್ತದೆ. ದಾಖಲೆ ತೆರೆದಿಡಿ, ಸಾಕು. ಸ್ವೀಡನ್ 1766ರಲ್ಲೇ ಸರ್ಕಾರಿ ಕಾಗದಪತ್ರ ನೋಡುವ ಹಕ್ಕನ್ನು ಜನರಿಗೆ ಕಾನೂನಿನಲ್ಲಿ ಕೊಟ್ಟಿತು.

ನಂಬಿಕೆ ಇಲ್ಲದಿದ್ದರೆ ಅಂಥ ನಷ್ಟ ಏನು? ಕೆಲಸ ಹೇಗೋ ನಡೆಯುತ್ತೆ.

ಮಾಮೂಲಿ ದಿನಗಳಲ್ಲಿ ನಡೆಯುತ್ತೆ. ಕಷ್ಟ ಬಂದಾಗ ಗೊತ್ತಾಗುತ್ತೆ. ಕೋವಿಡ್ ಕಾಲದಲ್ಲಿ 177 ದೇಶಗಳನ್ನು ಹೋಲಿಸಿ 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಸರ್ಕಾರದ ಮೇಲೆ ಮತ್ತು ಒಬ್ಬರ ಮೇಲೊಬ್ಬರಿಗೆ ನಂಬಿಕೆ ಜಾಸ್ತಿ ಇದ್ದ ಕಡೆ ಸೋಂಕು ಕಡಿಮೆ ಹರಡಿತ್ತು. ಅಮೆರಿಕದಲ್ಲಿ ಲಸಿಕೆ ಹಾಕಿಸಿಕೊಳ್ಳುವುದೂ ಪಕ್ಷದ ಗುರುತಾಯಿತು. ವೈರಸ್ಸಿಗೆ ಪಕ್ಷ ಗೊತ್ತಿರಲಿಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಬೇಗ ಕಾಣುವುದಿಲ್ಲ. ಎದುರಿನವರು ಬಂದರೆ ದೇಶವೇ ಮುಗೀತು ಅನ್ನುವ ಭಯ ಹುಟ್ಟಿದಾಗ ಜನ ತಮ್ಮ ನಾಯಕನ ಎಂಥ ತಪ್ಪನ್ನೂ ಕ್ಷಮಿಸುತ್ತಾರೆ. ಮ್ಯಾಥ್ಯೂ ಗ್ರಹಾಂ ಮತ್ತು ಮಿಲನ್ ಸ್ವೋಲಿಕ್ ಎಂಬ ರಾಜಕೀಯ ವಿಜ್ಞಾನಿಗಳು ಅಮೆರಿಕದ ಮತದಾರರ ಬಗ್ಗೆ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ಪಕ್ಷದ ಅಭ್ಯರ್ಥಿ ಪ್ರಜಾಪ್ರಭುತ್ವದ ನಿಯಮ ಮುರಿಯುತ್ತಾನೆ ಅಂತ ಗೊತ್ತಾದರೆ ಮತ ಬದಲಾಯಿಸುವವರು ನೂರಕ್ಕೆ 3.5 ಜನ ಮಾತ್ರ ಅಂತ ಲೆಕ್ಕ ಸಿಕ್ಕಿತು. ಪ್ರಜಾಪ್ರಭುತ್ವ ಬೇಡ ಅನ್ನುವವರು ಅಲ್ಲ ಇವರು. ಕೇಳಿದರೆ ಎಲ್ಲರೂ ಬೇಕು ಅಂತಲೇ ಅನ್ನುತ್ತಾರೆ. ಈ ಸಲ ಮಾತ್ರ ಹೊಂದಿಕೊಳ್ಳೋಣ, ಅವರು ಬಂದರೆ ಕಷ್ಟ, ಅನ್ನುತ್ತಾರೆ ಅಷ್ಟೇ. ಈ "ಈ ಸಲ ಮಾತ್ರ" ಪ್ರತಿ ಸಲವೂ ಬರುತ್ತದೆ.

ಹಾಗಾದರೆ ಎರಡೂ ಕಡೆಯವರೂ ಸಮಾನ ತಪ್ಪು ಅನ್ನುತ್ತಿದ್ದೀರಾ?

ಇಲ್ಲ. ಎರಡು ಕಡೆಯವರ ಮನಸ್ಸು ಕೆಲಸ ಮಾಡುವ ರೀತಿ ಒಂದೇ, ಆದರೆ ಮಾಡುವ ಕೆಲಸ ಒಂದೇ ಇರಬೇಕಾಗಿಲ್ಲ. ಒಬ್ಬರು ಚುನಾವಣೆ ಸೋತು ಮನೆಗೆ ಹೋಗುತ್ತಾರೆ, ಇನ್ನೊಬ್ಬರು ಫಲಿತಾಂಶವನ್ನೇ ಒಪ್ಪುವುದಿಲ್ಲ ಅಂದರೆ ಅದು ಸಮಾನ ಅಲ್ಲ. ಮಧ್ಯದಲ್ಲಿ ನಿಂತು "ಎಲ್ಲರೂ ಕಳ್ಳರೇ ಬಿಡ್ರಿ" ಅನ್ನುವುದು ಸುಲಭ. ಆ ಮಾತಿನಿಂದ ಜಾಸ್ತಿ ಲಾಭ ಆಗೋದು ದೊಡ್ಡ ಕಳ್ಳನಿಗೆ.

ಒಮ್ಮೆ ಹೋದ ನಂಬಿಕೆ ವಾಪಸ್ ಬಂದ ಉದಾಹರಣೆ ಇದೆಯಾ?

ಇದೆ, ಆದರೆ ಪೂರ್ತಿ ಕಥೆ ಕೇಳಬೇಕು. ಜಾರ್ಜಿಯಾ ದೇಶದಲ್ಲಿ ಟ್ರಾಫಿಕ್ ಪೊಲೀಸರೆಂದರೆ ಲಂಚದ ಇನ್ನೊಂದು ಹೆಸರಾಗಿತ್ತು. 2003ರ ಕ್ರಾಂತಿಯ ನಂತರ ಬಂದ ಹೊಸ ಸರ್ಕಾರ 2004ರಲ್ಲಿ ಆ ಟ್ರಾಫಿಕ್ ಪೊಲೀಸ್ ಪಡೆಯನ್ನೇ ಒಟ್ಟಾಗಿ ಮನೆಗೆ ಕಳಿಸಿತು. ಹೊಸಬರನ್ನು ತೆಗೆದುಕೊಂಡು, ಸಂಬಳ ಏರಿಸಿ, ಒಳಗೆ ಏನು ನಡೆಯುತ್ತಿದೆ ಅಂತ ಹೊರಗಿನವರಿಗೆ ಕಾಣಲಿ ಅಂತ ಗಾಜಿನ ಗೋಡೆಯ ಠಾಣೆಗಳನ್ನು ಕಟ್ಟಿದರು. ರಸ್ತೆಯಲ್ಲಿ ಕೈ ಚಾಚುವುದು ನಿಂತಿತು, ಪೊಲೀಸರ ಮೇಲೆ ಜನರ ನಂಬಿಕೆ ಜೋರಾಗಿ ಏರಿತು. ಆದರೆ ಅದೇ ಸರ್ಕಾರದ ಜೈಲುಗಳಲ್ಲಿ ಕೈದಿಗಳನ್ನು ಹಿಂಸಿಸುವ ವಿಡಿಯೋಗಳು 2012ರ ಸೆಪ್ಟೆಂಬರಿನಲ್ಲಿ ಹೊರಬಂದವು. ಮುಂದಿನ ತಿಂಗಳೇ ಚುನಾವಣೆ, ಸೋತರು. ಗಾಜಿನ ಗೋಡೆ ಠಾಣೆಗೆ ಇತ್ತು, ಜೈಲಿಗೆ ಇರಲಿಲ್ಲ.

ಇನ್ನೊಂದು ಐರ್ಲೆಂಡಿನದು. ಗರ್ಭಪಾತದ ವಿಷಯ ಅಲ್ಲಿ ದಶಕಗಳಿಂದ ದೇಶವನ್ನು ಎರಡು ಮಾಡಿತ್ತು, ರಾಜಕಾರಣಿಗಳು ಮುಟ್ಟೋಕೆ ಹೆದರುತ್ತಿದ್ದರು. 2016ರಲ್ಲಿ 99 ಸಾಮಾನ್ಯ ಜನರನ್ನು ಯಾದೃಚ್ಛಿಕವಾಗಿ ಆರಿಸಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮೇರಿ ಲಾಫಾಯ್ ಅವರ ಅಧ್ಯಕ್ಷತೆಯಲ್ಲಿ ನಾಗರಿಕರ ಸಭೆ ಮಾಡಿದರು. ಅವರು ವಾರಾಂತ್ಯಗಳಲ್ಲಿ ಕೂತು ವೈದ್ಯರು, ವಕೀಲರು, ಎರಡೂ ಕಡೆಯ ಹೋರಾಟಗಾರರು ಎಲ್ಲರ ಮಾತು ಕೇಳಿ ಶಿಫಾರಸು ಕೊಟ್ಟರು. 2018ರ ಮೇ 25ರಂದು ಜನಮತಗಣನೆ ನಡೆದು ಶೇ 66.4 ಜನ ಗರ್ಭಪಾತಕ್ಕೆ ಸಂವಿಧಾನದಲ್ಲಿದ್ದ ತಡೆ ತೆಗೆಯಲು ಒಪ್ಪಿದರು. ಸೋತವರಿಗೆ ಖುಷಿಯಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಫಲಿತಾಂಶ ಫಲಿತಾಂಶ ಅಂತ ಒಪ್ಪಿಕೊಂಡರು.

ಸರ್ಕಾರಿ ಕಚೇರಿಗಳು ಇದರಲ್ಲಿ ಏನು ಮಾಡಬಹುದು?

ಬಹಳ. ಮೇಲೆ ಹೇಳಿದ ಒಇಸಿಡಿ ಸಮೀಕ್ಷೆಯಲ್ಲೇ, ಸರ್ಕಾರದ ತೀರ್ಮಾನಗಳಲ್ಲಿ ನಮ್ಮ ಮಾತಿಗೆ ಬೆಲೆ ಇದೆ ಅಂದವರಲ್ಲಿ ಶೇ 69 ಜನ ಸರ್ಕಾರವನ್ನು ನಂಬಿದ್ದರು, ಬೆಲೆ ಇಲ್ಲ ಅಂದವರಲ್ಲಿ ಬರೀ ಶೇ 22. ಕಾನೂನನ್ನು ಜನ ಯಾಕೆ ಪಾಲಿಸುತ್ತಾರೆ ಅಂತ ಅಧ್ಯಯನ ಮಾಡಿದ ಟಾಮ್ ಟೈಲರ್ ಕೂಡ ವರ್ಷಗಟ್ಟಲೆ ಹೇಳುತ್ತಾ ಬಂದದ್ದು ಇದನ್ನೇ: ತೀರ್ಪು ತಮ್ಮ ವಿರುದ್ಧ ಬಂದರೂ, ನಮ್ಮ ಮಾತು ಕೇಳಿದರು, ಮರ್ಯಾದೆ ಕೊಟ್ಟರು, ಎಲ್ಲರಿಗೂ ಒಂದೇ ನಿಯಮ ಹಾಕಿದರು ಅನ್ನಿಸಿದರೆ ಜನ ಅದನ್ನು ಒಪ್ಪುತ್ತಾರೆ.

ನನ್ನದೇ ಅನುಭವ ಹೇಳುತ್ತೇನೆ. ಒಂದು ಅರ್ಜಿ ಹಿಡಿದು ಒಂದು ಕಚೇರಿಗೆ ನಾಲ್ಕು ಸಲ ಅಲೆದೆ. ಮೂರು ಸಲ "ಆಗಲ್ಲ, ನಾಳೆ ಬನ್ನಿ". ನಾಲ್ಕನೇ ಸಲ ಬೇರೆಯವರು ಕೂತಿದ್ದರು. ಅವರೂ ಆಗಲ್ಲ ಅಂದರು. ಆದರೆ ಕುರ್ಚಿ ತೋರಿಸಿ ಕೂರಿಸಿ, ಯಾವ ನಿಯಮದಿಂದ ಆಗಲ್ಲ ಅಂತ ಓದಿ ಹೇಳಿ, ಯಾವ ಕಾಗದ ತಂದರೆ ಆಗುತ್ತದೆ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಕೆಲಸ ಆಗದೆ ಹೊರಗೆ ಬಂದರೂ ಸಿಟ್ಟಿರಲಿಲ್ಲ. ಆಗ ಆಡಳಿತದಲ್ಲಿದ್ದದ್ದು ನಾನು ಮತ ಹಾಕದ ಪಕ್ಷ. ಆ ಹೊತ್ತಿಗೆ ಅದು ನೆನಪಿಗೇ ಬರಲಿಲ್ಲ.

ಮನೆಯ ಗ್ರೂಪಿನಲ್ಲಿ ದಿನಾ ಜಗಳ. ಚಿಕ್ಕಪ್ಪನ ಮನಸ್ಸು ಬದಲಾಯಿಸೋದು ಹೇಗೆ?

ಗ್ರೂಪಿನಲ್ಲಿ ಆಗಲ್ಲ. ಹದಿನೆಂಟು ಜನ ನೋಡುತ್ತಿರುವಾಗ ಯಾರೂ ಸೋಲೊಪ್ಪಿಕೊಳ್ಳುವುದಿಲ್ಲ.

ಇದರ ಬಗ್ಗೆ ಒಂದು ಸ್ವಾರಸ್ಯದ ಕಥೆ ಇದೆ. ಮನೆಬಾಗಿಲಿಗೆ ಹೋಗಿ ಸಮಾಧಾನವಾಗಿ ಮಾತಾಡಿದರೆ ಜನರ ಮನಸ್ಸು ಬದಲಾಗುತ್ತದೆ ಅಂತ 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಭಾರಿ ಸುದ್ದಿಯಾಯಿತು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಸಂಶೋಧಕರು ಅದನ್ನೇ ಮತ್ತೆ ಮಾಡಲು ಹೊರಟಾಗ ಆ ಅಂಕಿಅಂಶಗಳಲ್ಲಿ ಏನೋ ಐಬು ಕಂಡಿತು. ಕೆದಕಿದರು. 2015ರಲ್ಲಿ ಪತ್ರಿಕೆ ಆ ಲೇಖನವನ್ನು ವಾಪಸ್ ತೆಗೆದುಕೊಂಡಿತು. ಅಲ್ಲಿಗೆ ಬಿಡದೆ ಅವರಿಬ್ಬರೂ ಮಿಯಾಮಿಯಲ್ಲಿ ನಿಜವಾದ ಪ್ರಯೋಗ ಮಾಡಿದರು. 2016ರಲ್ಲಿ ಫಲಿತಾಂಶ ಬಂತು: ಸುಮಾರು ಹತ್ತು ನಿಮಿಷದ ಮಾತುಕತೆ ಲಿಂಗಪರಿವರ್ತಿತರ ಬಗ್ಗೆ ಜನರಿಗಿದ್ದ ಪೂರ್ವಗ್ರಹವನ್ನು ಕಡಿಮೆ ಮಾಡಿತ್ತು, ಕನಿಷ್ಠ ಮೂರು ತಿಂಗಳು ಹಾಗೇ ಉಳಿದಿತ್ತು. ವಾದ ಮಾಡಿ ಗೆದ್ದದ್ದಲ್ಲ. ಮಾತಾಡಿಸಿದ್ದು, ಕೇಳಿಸಿಕೊಂಡದ್ದು, ನಿಮ್ಮನ್ನೂ ಯಾರಾದರೂ ಹೀಗೆ ಬೇರೆ ಥರ ನೋಡಿದ್ದು ನೆನಪಿದೆಯಾ ಅಂತ ಕೇಳಿದ್ದು.

ಚಿಕ್ಕಪ್ಪನ ಜೊತೆ ಒಬ್ಬರೇ ಕೂತು ಮಾತಾಡಿ. ಅಂಕಿಅಂಶ ಮನೆಯಲ್ಲೇ ಬಿಟ್ಟು ಹೋಗಿ. ಅವರಿಗೆ ಯಾವ ಸರ್ಕಾರ ಯಾವಾಗ ಮೋಸ ಮಾಡಿತು ಅಂತ ಕೇಳಿ. ಏನೋ ಒಂದು ಇರುತ್ತದೆ, ಬಹಳ ಸಲ ಸಣ್ಣದೇ ಇರುತ್ತದೆ. ಬದಲಾಗದೆಯೂ ಇರಬಹುದು, ಚಿಕ್ಕಪ್ಪ ಚಿಕ್ಕಪ್ಪನೇ.

ನನ್ನ ನಂಬಿಕೆ ಕೆಲಸ ನೋಡಿಯಾ, ಕುರ್ಚಿ ನೋಡಿಯಾ ಅಂತ ಹೇಗೆ ತಿಳಿಯೋದು?

ಪಕ್ಷದ ಹೆಸರು ಅದಲುಬದಲು ಮಾಡಿ ನೋಡಿ. ಸಿಟ್ಟು ಬರಿಸುವ ಸುದ್ದಿ ಓದಿದಾಗ, ಇದನ್ನೇ ನಮ್ಮವರು ಮಾಡಿದ್ದರೆ ಏನನ್ನುತ್ತಿದ್ದೆ ಅಂತ ಕೇಳಿಕೊಳ್ಳಿ. ಖುಷಿ ಕೊಡುವ ಸುದ್ದಿ ಓದಿದಾಗಲೂ ಕೇಳಿಕೊಳ್ಳಿ, ಇದು ಜಾಸ್ತಿ ಕಷ್ಟ. ಅಧಿಕಾರ ಹೆಚ್ಚಿಸುವ ಹೊಸ ಕಾನೂನು ಬಂದರೆ, ಮುಂದಿನ ಸಲ ಅದೇ ಅಧಿಕಾರ ನಿಮಗೆ ಆಗದವರ ಕೈಯಲ್ಲಿ ಇರುತ್ತದೆ ಅಂತ ನೆನೆಸಿಕೊಂಡು ಓದಿ.

ಈಗಲಾದರೂ ಹೇಳಿ. ನೀವು ಯಾವ ಕಡೆ?

ಒಂದು ಕಡೆ ಇದ್ದೇನೆ. ಪ್ರತಿ ಸಲ ಮತ ಹಾಕುತ್ತೇನೆ, ಬಹುಪಾಲು ಒಂದೇ ಪಕ್ಷಕ್ಕೆ. ಮೇಲಿನ ಪರೀಕ್ಷೆಯಲ್ಲಿ ಫೇಲೂ ಆಗಿದ್ದೇನೆ. ಕೆಲವು ತಿಂಗಳ ಹಿಂದೆ, ಸದನದಲ್ಲಿ ಚರ್ಚೆಯೇ ಇಲ್ಲದೆ ಮಸೂದೆ ಪಾಸು ಮಾಡಿದರು ಅಂತ ಎದುರು ಪಕ್ಷದವರ ಮೇಲೆ ಉದ್ದದ ಸಂದೇಶ ಬರೆದು ಗೆಳೆಯನಿಗೆ ಕಳಿಸಿದೆ. ಅವನು ಏನೂ ವಾದ ಮಾಡಲಿಲ್ಲ. ನಮ್ಮವರು ಅಧಿಕಾರದಲ್ಲಿದ್ದಾಗ ನಾನೇ ಅವನಿಗೆ ಕಳಿಸಿದ್ದ ಹಳೇ ಸಂದೇಶ ಒಂದನ್ನು ಹುಡುಕಿ ವಾಪಸ್ ಕಳಿಸಿದ. "ವಿರೋಧ ಪಕ್ಷದವರು ಸುಮ್ನೆ ಗಲಾಟೆ ಮಾಡ್ತಾರೆ, ಚರ್ಚೆ ಅಂತ ಕೂತರೆ ಕೆಲಸ ಆಗೋದು ಯಾವಾಗ?" ಅಂತಿತ್ತು.

ಎರಡು ನೀಲಿ ಗೆರೆ ಬಿದ್ದಿವೆ. ಉತ್ತರ ಇನ್ನೂ ಬರೆದಿಲ್ಲ.